ಆಯಿಲ್ ಮುಳ್ಳು ಇಳಿದ ರಾತ್ರಿ

ಕರೆಂಟು ಬಂದಾಗ ಬರಲಿ, ಆ ಮೊಬೈಲ್ ಬೆಳಕು ಆರಿಸಿ. ಬೆಳಕಿನಲ್ಲಿ ಇದನ್ನು ಹೇಳಿದಾಗಲೆಲ್ಲ ಯಾರಾದರೂ ಒಬ್ಬ ಕಿಸಕ್ಕನೆ ನಗ್ತಾನೆ. ನನಗೆ ಸಿಟ್ಟು ಬರುತ್ತೆ. ಮಾತು ಅಲ್ಲಿಗೆ ನಿಂತುಹೋಗುತ್ತೆ. ನಗೋರು ಈಗಲೇ ನಕ್ಕು ಮುಗಿಸಿ… ಆಯ್ತಾ?

ನನ್ನ ಕಸುಬು ನಿಮಗೆ ಗೊತ್ತಲ್ಲ. ಚಳ್ಳಕೆರೆಯಲ್ಲಿ ಹಳೇ ಗಾಡಿಗಳ ಸ್ಪೇರ್ ಪಾರ್ಟ್ಸ್ ಅಂಗಡಿ. ನಟ್ಟು, ಬೋಲ್ಟು, ಬೇರಿಂಗು ನಂಬೋನು ನಾನು. ದೆವ್ವ ಅಂದ್ರೆ ನನಗೂ ನಗುವೇ ಬರ್ತಿತ್ತು. ಹೋದ ವರ್ಷದ ಮಾಗಿವರೆಗೆ.

ನಮ್ಮ ದೊಡ್ಡಪ್ಪನ ಮಗ ವೀರೇಶ ಇದ್ದಾನಲ್ಲ, ಅವನಿಗಾದದ್ದು ಇದು. ಹಗಲು ಚಳ್ಳಕೆರೆ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಕೆಲಸ. ಮನೆ ದೊಡ್ಡಉಳ್ಳಾರ್ತಿ. ಸಂಜೆ ಬಂದವನು ಹೊಲದ ಶೆಡ್ಡಿಗೆ ಹೋಗಿ ಅಪ್ಪನ ಹಳೇ ಅಂಬಾಸಿಡರ್ ಬಿಚ್ಚಿಕೊಂಡು ಕೂರ್ತಿದ್ದ. ಅವತ್ತು ಶೆಡ್ಡಿಗೆ ಬೀಗ ಹಾಕಿ ಮನೆ ಕಡೆ ಹೊರಟಾಗ ರಾತ್ರಿ ಒಂಬತ್ತೂವರೆ. ದನ ಮೇಯೋ ಕಾವಲಿನ ಅಂಚಿನ ದಾರಿ. ದೂರದಲ್ಲಿ ವಿಜ್ಞಾನ ಸಂಸ್ಥೆ ಕ್ಯಾಂಪಸ್ಸಿನ ಕಾಂಪೌಂಡ್ ದೀಪದ ಸಾಲು, ಈ ಕಡೆ ಕತ್ತಲು. ಮಧ್ಯದಲ್ಲಿ ಆಲದ ಮರ, ಮರದ ಬುಡಕ್ಕೆ ನೀರಿಲ್ಲದ ಬಾವಿ.

ಬಾವಿ ಹತ್ತಿರ ಬರ್ತಿದ್ದಂಗೆ ಸದ್ದು ಕೇಳಿಸಿತು. ಟಪ್… ಟಪ್… ಟಪ್… ಕಲ್ಲಿಗೆ ಚಪ್ಪಲಿ ಬಡಿದಂಗೆ. ವೀರೇಶ ನಿಂತ. ಸದ್ದೂ ನಿಂತಿತು.

"ಯಾರು?"

"ನಾನೇ ಕಣೋ."

ಬಾವಿಕಟ್ಟೆ ಮೇಲೆ ಅವರಪ್ಪ ಕೂತಿದ್ದ. ನಮ್ಮ ದೊಡ್ಡಪ್ಪ ಕಾಟಪ್ಪ. ಎಪ್ಪತ್ತೆರಡು ವರ್ಷ. ತಲೆಗೆ ಟವಲ್ ಸುತ್ತಿ, ಕಂಕುಳಲ್ಲಿ ಒಂದು ಬಟ್ಟೆಗಂಟು ಅವುಚಿಕೊಂಡು ಕಾಯ್ತಿದ್ದ.

"ಗಾಡಿ ಆಯ್ತಾ?" ಅಂದ. ಪಿಸುಮಾತು. ಸುತ್ತ ನರಪಿಳ್ಳೆ ಇಲ್ಲ, ಆದರೂ ಪಿಸುಮಾತು.

"ಇಲ್ಲಪ್ಪ."

"ಆಗ್ಬೇಕು."

"ನಾಳೆ ಭಾನುವಾರ, ಇಡೀ ದಿನ ಕೂತು…"

"ನಾಳೆ ಇಲ್ಲ ಕಣೋ ಅವಳಿಗೆ. ಲೋಹಿತ ಫೋನ್ ಮಾಡಿದ್ದ. ಈವತ್ತೇ ರಾತ್ರಿ ಅಂತೆ."

ವೀರೇಶ ಮತ್ತೆ ಶೆಡ್ಡಿನ ಕಡೆ ತಿರುಗಿದ. ಯಾಕೆ ಅಂತ ಹೇಳ್ತೀನಿ, ಕೇಳಿ.

ಅವಳು ಅಂದ್ರೆ ನಮ್ಮ ಸೋದರತ್ತೆ ಕರಿಯಕ್ಕ, ಲೋಹಿತ ಅವಳ ಮಗ. ದೊಡ್ಡಪ್ಪನ ಬೆನ್ನಿಗೆ ಬಿದ್ದ ತಂಗಿ. ಮೊಳಕಾಲ್ಮೂರಿಗೆ ಕೊಟ್ಟಿದ್ದರು. ಗಂಡ ಜಂಪಣ್ಣ ಮಗ್ಗದ ಕೂಲಿ ಮಾಡ್ತಿದ್ದ. ಹದಿನೆಂಟು ವರ್ಷದ ಹಿಂದೆ ಒಂದು ರಾತ್ರಿ ಆ ಮನುಷ್ಯನಿಗೆ ಎದೆನೋವು ಬಂತು. ಅತ್ತೆ ಅಣ್ಣನಿಗೆ ಫೋನ್ ಮಾಡಿದಳು. ಆಗ ದೊಡ್ಡಪ್ಪ ಈ ಅಂಬಾಸಿಡರನ್ನು ಬಾಡಿಗೆಗೆ ಓಡಿಸ್ತಿದ್ದ. ಅವತ್ತು ರಾಂಪುರದಲ್ಲಿದ್ದ, ಅರ್ಧ ಗಂಟೆ ದಾರಿ. "ಮದುವೆ ಪಾರ್ಟಿ ಐತಮ್ಮ, ಇವರನ್ನ ಬಿಟ್ಟು ಬಂದೆ" ಅಂದ. ಅಣ್ಣ ಬರ್ತಾನೆ ಅಂತ ಅವಳು ಬೇರೆ ಯಾರನ್ನೂ ಕರೆಯಲಿಲ್ಲ. ದೊಡ್ಡಪ್ಪ ಹೋದಾಗ ಮೂರು ಗಂಟೆ ತಡ. ಜಂಪಣ್ಣ ಆಗಲೇ ಹೋಗಿಬಿಟ್ಟಿದ್ದ.

ಸತ್ತ ಮನೆ ಬಾಗಿಲ ಮುಂದೆ ಗಾಡಿ ನಿಲ್ಲಿಸೋಕೆ ಮುಖ ಸಾಲದೆ ಬೀದಿ ತುದಿಯಿಂದಲೇ ತಿರುಗಿಸಿಕೊಂಡು ಬಂದ ನಮ್ಮ ದೊಡ್ಡಪ್ಪ. ತಿಥಿಗೆ ಬಸ್ಸಿನಲ್ಲಿ ಹೋದ. ಅತ್ತೆ ಹೊಸಿಲಲ್ಲೇ ತಡೆದು ಅಂದಳು: "ಬಸ್ಸಿಗೆ ಬಂದ್ಯಾ? ಅವತ್ತು ಬರಬೇಕಾಗಿದ್ದ ಗಾಡಿ ಎಲ್ಲೈತೆ? ಅದು ನನ್ನ ಬಾಗಲಿಗೆ ಬಂದ ದಿನ ನಾನು ನಿನ್ನ ತಂಗಿ. ಅಲ್ಲಿ ತನಕ ಅಲ್ಲ."

ಹೋಗಬೇಕಿತ್ತು. ಮಾರನೇ ದಿನವೇ ಗಾಡಿ ತಗೊಂಡು ಹೋಗಿ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ನಮ್ಮ ವಂಶದ ಹಟ ನಿಮಗೆ ಗೊತ್ತಿಲ್ಲ. ತಪ್ಪು ಮಾಡಿದವನಿಗೇ ಸಿಟ್ಟು ಜಾಸ್ತಿ. ಇವತ್ತು ನಾಳೆ ಅಂತ ಹದಿನೆಂಟು ವರ್ಷ ಕಳೆದುಬಿಟ್ಟ. ಒಂದು ಸೀರೆ ಮಾತ್ರ ತಂದು ಟ್ರಂಕಿನಲ್ಲಿಟ್ಟಿದ್ದ, ನೇರಳೆ ಬಣ್ಣದ್ದು, ಕೆಂಪಂಚು. ಹೆಣ್ಣುಮಗಳು ಮಣ್ಣಿಗೆ ಹೋಗಬೇಕಾದರೆ ತವರಿನ ಸೀರೆ ಹೊದ್ದು ಹೋಗಬೇಕು ನಮ್ಮಲ್ಲಿ. ಅದನ್ನು ಅಣ್ಣನೋ ತಮ್ಮನೋ ತರಬೇಕು. ಆ ಸೀರೆಯನ್ನು ಬದುಕಿದ್ದಾಗಲೇ ಕೈಗೆ ಕೊಟ್ಟು ತಪ್ಪಾಯ್ತು ಅನ್ನಬೇಕು, ಅಷ್ಟೇ ಅವನಿಗೆ ಬೇಕಾಗಿದ್ದದ್ದು. ಅತ್ತೆ ಹಾಸಿಗೆ ಹಿಡಿದಳು ಅಂತ ಯಾರೋ ಹೇಳಿದ ಮೇಲೆ ವೀರೇಶನಿಗೆ ಅಂದಿದ್ದ, "ಗಾಡಿ ರೆಡಿ ಮಾಡು."

ವೀರೇಶ ಮಾಡಿದ. ಹಾಫ್ ಎಂಜಿನ್ ಕೆಲಸ. ರಿಂಗು, ಬೇರಿಂಗು, ಆಯಿಲ್ ಪಂಪು ಎಲ್ಲ ಹೊಸದು. ಆ ಮಾಡೆಲ್ಲಿಗೆ ಈಗ ಪಾರ್ಟ್ಸ್ ಎಲ್ಲಿ ಸಿಗುತ್ತೆ? ದಾವಣಗೆರೆ, ಬಳ್ಳಾರಿ ಸುತ್ತಿ ಹುಡುಕಿಕೊಟ್ಟವನು ನಾನು. ಎಂಜಿನ್ ಹೊಲಿಗೆ ಮೆಷಿನ್ನಿನ ಹಾಗೆ ಓಡ್ತಿತ್ತು. ಆದರೆ ಆಯಿಲ್ ಪ್ರೆಷರ್ ನಿಲ್ತಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳ್ತೀನಿ. ನಮಗೆ ಬಿ.ಪಿ. ಹೇಗೋ ಎಂಜಿನ್ನಿಗೆ ಆಯಿಲ್ ಪ್ರೆಷರ್ ಹಾಗೆ. ತಳದ ಚೇಂಬರಿನಲ್ಲಿ ಆಯಿಲ್ ಇರುತ್ತೆ. ಪಂಪು ಅದನ್ನ ಹೀರಿ ಬೇರಿಂಗುಗಳಿಗೆಲ್ಲ ಒತ್ತುತ್ತೆ. ಒತ್ತಡ ಎಷ್ಟಿದೆ ಅಂತ ಡ್ರೈವರ್ ಮುಂದೆ ಒಂದು ಮುಳ್ಳು ತೋರಿಸುತ್ತೆ. ಮುಳ್ಳು ಸೊನ್ನೆಗೆ ಬಂದ ಮೇಲೂ ಓಡಿಸಿದರೆ ಎಂಜಿನ್ ತನ್ನನ್ನೇ ಅರೆದುಕೊಂಡು ಜಾಮ್ ಆಗುತ್ತೆ.

ಈ ಗಾಡೀಲಿ ಸ್ಟಾರ್ಟ್ ಮಾಡಿದ ತಕ್ಷಣ ಮುಳ್ಳು ಅರವತ್ತು. ಆರೇಳು ಮೈಲಿ ಓಡಿತು ಅಂದ್ರೆ ನಲವತ್ತು… ಇಪ್ಪತ್ತು… ಹತ್ತು. ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದರೆ ಮತ್ತೆ ಅರವತ್ತು. ಏನೂ ಆಗೇ ಇಲ್ಲ ಅನ್ನೋ ಹಾಗೆ.

ಮೊದಲು ಗೇಜ್ ಮೇಲೆ ಅನುಮಾನ ಬಂತು. ನನ್ನ ಅಂಗಡಿಯ ಗೇಜ್ ಹಾಕಿ ನೋಡಿದ, ಅದೂ ಅಷ್ಟೇ ತೋರಿಸಿತು. ಆಯಿಲ್ಲಿಗೆ ಪೆಟ್ರೋಲ್ ಸೇರಿ ತೆಳ್ಳಗಾಗಿದೆಯಾ? ದೊಡ್ಡಪ್ಪನೇ ಆಯಿಲ್ ಅಳೆಯೋ ಕಡ್ಡಿಯಿಂದ ಒಂದು ಹನಿ ತಗೊಂಡು, ನಮ್ಮೂರ ಮಿಲ್ಲಿನೋರು ಕಡಲೆಕಾಯಿ ಎಣ್ಣೆ ನೋಡ್ತಾರಲ್ಲ, ಹಾಗೆ ಬೆರಳಲ್ಲಿ ಉಜ್ಜಿ ಮೂಸಿದ. "ಎಣ್ಣೆ ಚೊಕ್ಕ ಐತೆ" ಅಂದ. ಒತ್ತಡ ಜಾಸ್ತಿಯಾದರೆ ಬಿಟ್ಟುಕೊಡೋ ಒಂದು ವಾಲ್ವ್ ಇರುತ್ತೆ, ಅದರ ಸ್ಪ್ರಿಂಗ್ ಬದಲಾಯಿಸಿದ. ಊಹೂಂ. ಮೂರು ವಾರ ಇದೇ ಆಯ್ತು. ನಾನು ಅಂದೆ, "ಲೇ, ಚೇಂಬರ್ ಬಿಚ್ಚಿ ನೋಡೋ." ಅವನಿಗೆ ಉರಿದುಹೋಯಿತು. "ಅದನ್ನ ನಾನೇ ತೊಳೆದು ಒರೆಸಿ ಮುಚ್ಚಿರೋದು. ನನ್ನ ಕೈ ಮ್ಯಾಲೆ ನನಗೆ ನಂಬಿಕೆ ಐತೆ" ಅಂದ. ವಂಶದ ಹಟ ಅಂದೆನಲ್ಲ.

ಅಂಥ ಗಾಡಿಯಲ್ಲಿ ಅವತ್ತು ರಾತ್ರಿ ಹತ್ತು ಗಂಟೆಗೆ ಅಪ್ಪ ಮಗ ಹೊರಟರು. ಬೇರೆ ಗಾಡಿ ತರ್ತೀನಿ ಅಂತ ವೀರೇಶ ಕೈ ಮುಗಿದ. ದೊಡ್ಡಪ್ಪ ಒಂದೇ ಮಾತು, "ಅವಳು ಈ ಗಾಡೀಲಿ ಬಾ ಅಂದಾಳೆ." ಅವಸರದಲ್ಲಿ ತನ್ನ ಫೋನನ್ನು ಮನೆಯಲ್ಲೇ ಬಿಟ್ಟ. ಸೀರೆಗಂಟು ಮಾತ್ರ ಬಿಡಲಿಲ್ಲ.

ಬಳ್ಳಾರಿ ರಸ್ತೆ ಹಿಡಿದರು. ತಳಕು ಹತ್ತಿರ ಬರುವಷ್ಟರಲ್ಲಿ ಮುಳ್ಳು ಇಳಿಯಿತು. ನಿಲ್ಲಿಸಿದರು. ಎಂಜಿನ್ ತಣ್ಣಗಾಗೋ ಸದ್ದು… ಟಿಕ್… ಟಿಕ್… ಅರ್ಧ ಗಂಟೆ ಇಬ್ಬರೂ ಅದನ್ನೇ ಕೇಳ್ತಾ ಕೂತರು. ಮತ್ತೆ ಹೊರಟರು. ಈ ಸಲ ನಾಲ್ಕೇ ಮೈಲಿ. ಮತ್ತೆ ಅರ್ಧ ಗಂಟೆ. ಆಮೇಲೆ ಎರಡು ಮೈಲಿ.

ಅಲ್ಲಿಂದ ವೀರೇಶ ನನಗೆ ಫೋನ್ ಮಾಡಿದ. ಹನ್ನೆರಡು ದಾಟಿತ್ತು. "ಇನ್ನೂ ಹದಿನೈದು ಇಪ್ಪತ್ತು ಮೈಲಿ ಐತೆ ಕಣೋ. ಅಪ್ಪ ಕೇಳ್ತಿಲ್ಲ." ನಾನು ಗೆಳೆಯನ ಬೊಲೆರೊ ತಗೊಂಡು ಬರ್ತೀನಿ ಅಂದೆ. ದೊಡ್ಡಪ್ಪ ಫೋನ್ ಕಿತ್ತುಕೊಂಡು ಅಂದ, "ಮಾರುತೇಶ, ನೀನು ಬಂದ್ರೂ ನಾನು ಹತ್ತಲ್ಲ. ಸುಮ್ನೆ ಮಲಕ್ಕೊ." ಮತ್ತೆ ವೀರೇಶನ ಕೈಗೆ ಫೋನ್ ಬಂದಾಗ ನಾನು ಹೇಳಿದ್ದು ಒಂದೇ. ಚೇಂಬರ್ ಬಿಚ್ಚು. ಅವನು ಫೋನ್ ಇಟ್ಟ.

ಬಿಚ್ಚಲಿಲ್ಲ. ಇನ್ನೊಂದು ಸಲ ನೋಡೋಣ ಅಂತ ಸ್ಟಾರ್ಟ್ ಮಾಡಿದ. ಅರ್ಧ ಮೈಲಿಗೇ ಮುಳ್ಳು ಬಿತ್ತು. ಎಂಜಿನ್ ತಲೆಯಲ್ಲಿ ಆಯಿಲ್ ಸಿಗದೆ ಟ್ಯಾಪೆಟ್ ಸದ್ದು ಶುರುವಾಯಿತು, ಟಕ ಟಕ ಟಕ ಟಕ. ಆಮೇಲೆ ತಳದಿಂದ ಇನ್ನೊಂದು, ದಪ್ಪ ಸದ್ದು. ಡುಬ್… ಡುಬ್… ಡುಬ್…

"ನಿಲ್ಸಬೇಡ," ಅಂದ ದೊಡ್ಡಪ್ಪ.

"ಅಪ್ಪ, ಬೇರಿಂಗ್ ಹೊಡ್ಕೊಳ್ತೈತೆ."

"ಹೊಡ್ಕೊಳ್ಳಲಿ. ಸುಟ್ಟು ಹೋಗ್ಲಿ. ಅವಳ ಬಾಗಲ ತನಕ ಓಡ್ಸು, ಆಮೇಲೆ ಗುಜರಿಗೆ ಹಾಕು."

"ಬಾಗಲ ತನಕ ಹೋಗಲ್ಲಪ್ಪ. ಇನ್ನ ಒಂದು ಮೈಲೀನೂ ಹೋಗಲ್ಲ."

ದೊಡ್ಡಪ್ಪ ಅತ್ತ. ಎಪ್ಪತ್ತೆರಡು ವರ್ಷದ ಮನುಷ್ಯ, ಹಿಂದಿನ ಸೀಟಿನಲ್ಲಿ ಸೀರೆಗಂಟು ತಬ್ಬಿಕೊಂಡು, ಸದ್ದಿಲ್ಲದೆ ಅತ್ತ. ವೀರೇಶ ಇದನ್ನ ನನಗೆ ಹೇಳುವಾಗ ಅವನೂ ಅತ್ತ.

ಸುತ್ತ ಬಂಡೆಗುಡ್ಡ. ಮನೆ ಇಲ್ಲ, ದೀಪ ಇಲ್ಲ. ಲಾರಿಗಳು ಯಾವಾಗಲೋ ಒಂದು. ಚಳಿ ಅಂದ್ರೆ ಹಲ್ಲು ಕಡಿಸೋ ಚಳಿ. ಇನ್ನು ಬೇರೆ ದಾರಿ ಇರಲಿಲ್ಲ. ಅಪ್ಪನನ್ನ ಹಿಂದಿನ ಸೀಟಿನಲ್ಲಿ ಮಲಗಿಸಿ, ಕಂಬಳಿ ಹೊದಿಸಿ, ಗಾಡಿಯ ಮೂತಿಗೆ ಜಾಕಿ ಕೊಟ್ಟು ಕಲ್ಲು ಜೋಡಿಸಿದ. ಫೋನಿನ ಟಾರ್ಚ್ ಹಚ್ಚಿ, ಗೋಣಿಚೀಲ ಹಾಸಿ ಅಡಿಗೆ ತೂರಿದ. ಡ್ರೈನ್ ನಟ್ಟು ಬಿಚ್ಚಿದ. ಬಿಸಿ ಆಯಿಲ್ ಗಳಗಳ ಅಂತ ಕ್ಯಾನಿಗೆ ಇಳಿಯಿತು. ಚೇಂಬರ್ ಇಳಿಯೋಕೆ ಜಾಗ ಆಗಲಿ ಅಂತ ಎಂಜಿನ್ನನ್ನ ಜಾಕಿಯಿಂದ ಎರಡು ಬೆರಳು ಎತ್ತಿ, ಚೇಂಬರಿನ ಬೋಲ್ಟುಗಳನ್ನ ಒಂದೊಂದಾಗಿ ಸಡಿಲಿಸಿದ. ಕಿರ್… ಕಿರ್… ಟಣ್. ಕಿರ್… ಕಿರ್… ಟಣ್.

ಕೊನೆಯ ಬೋಲ್ಟ್ ಬಿಚ್ಚಿ, ಚೇಂಬರ್ ಎದೆ ಮೇಲೆ ಇಳಿಸಿಕೊಂಡಿದ್ದ. ಎರಡೂ ಕೈ ಅದರಡಿ. ಆಗ ಮೇಲಿಂದ ಸದ್ದು ಬಂತು. ಕಟಕ್. ಹಿಂದಿನ ಬಾಗಿಲು.

ಎರಡು ಕಾಲು ಕೆಳಗಿಳಿದವು.

ಅಪ್ಪನ ಕಾಲೇ. ಅದೇ ಪಂಚೆ, ಅದೇ ಟೈರ್ ಚಪ್ಪಲಿ. ಸರಕ್… ಸರಕ್… ಜಲ್ಲಿ ಮೇಲೆ ಹೆಜ್ಜೆ. ಗಾಡಿ ಪಕ್ಕದಲ್ಲೇ ಬಂದು, ವೀರೇಶನ ತಲೆ ಹತ್ತಿರ ಹಾದು, ಮುಂದಕ್ಕೆ ಹೋಯ್ತು.

"ಎಲ್ಲಿಗಪ್ಪ?"

ಹೆಜ್ಜೆ ನಿಂತಿತು.

"ಬತ್ತೀನಿ… ನೀನು ಕೆಲ್ಸ ಮುಗ್ಸು."

ಸರಕ್… ಸರಕ್… ಸರಕ್… ಉಚ್ಚೆಗೆ ಹೋದ ಅಂದುಕೊಂಡ ವೀರೇಶ. ಆದರೆ ಹೆಜ್ಜೆ ರಸ್ತೆ ಬದಿಗೆ ಇಳಿಯಲಿಲ್ಲ. ಟಾರು ಹತ್ತಿತು. ಮೊಳಕಾಲ್ಮೂರಿನ ದಿಕ್ಕಿಗೆ ಹೊರಟಿತು. ಸಣ್ಣಗಾಗ್ತಾ… ಸಣ್ಣಗಾಗ್ತಾ… ಹೋಯ್ತು. ವೀರೇಶ ಕೂಗಿದ. ಎದೆ ಮೇಲೆ ಕಬ್ಬಿಣ, ಕೈ ತುಂಬ ಎಣ್ಣೆ, ಏಳೋಕಾಗ್ತಿಲ್ಲ. ತಂಗಿ ಹತ್ತಿರ ನಡಕೊಂಡೇ ಹೊರಟುಬಿಟ್ಟನಾ ಈ ಮುದುಕ? ಬೇಗ ಬೇಗ ಚೇಂಬರನ್ನ ಪಕ್ಕಕ್ಕೆ ಸರಿಸಿ ಮೇಲೆ ನೋಡಿದ.

ಪಂಪಿನ ಬಾಯಿಗೆ ಒಂದು ತಂತಿ ಜಾಲರಿ ಇರುತ್ತೆ, ಕಸ ಒಳಗೆ ಹೋಗದ ಹಾಗೆ. ಆ ಜಾಲರಿ ಕಾಣಿಸಲಿಲ್ಲ. ಅದರ ಮೇಲೆ ಏನೋ ಮೆತ್ತಿಕೊಂಡಿತ್ತು. ಕಪ್ಪಗೆ, ನೀಳವಾಗಿ, ತೊಟ್ಟಿಕ್ಕುತ್ತಾ… ಕೂದಲು. ಕೈ ಹಾಕಿದವನು ತಟ್ಟನೆ ಹಿಂದಕ್ಕೆ ಎಳಕೊಂಡ.

ಅಷ್ಟರಲ್ಲಿ ಟಾರ್ಚ್ ಆರಿತು. ಫೋನು ಸತ್ತಿತ್ತು.

ತೆವಳಿಕೊಂಡು ಆಚೆ ಬಂದ. ಗಾಡಿ ಬ್ಯಾಟರಿಯಿಂದ ವೈರು ಎಳೆದು ಸಣ್ಣ ಬಲ್ಬ್ ಹಚ್ಚಿದ. ಮೊದಲು ರಸ್ತೆ ನೋಡಿದ. ಯಾರೂ ಇಲ್ಲ. ಆಮೇಲೆ ಹಿಂದಿನ ಸೀಟಿಗೆ ಬೆಳಕು ಹಿಡಿದ.

ಅಪ್ಪ ಅಲ್ಲೇ ಇದ್ದ.

ಹೊದಿಸಿದ ಕಂಬಳಿ ಹೊದಿಸಿದ ಹಾಗೇ ಇತ್ತು. ಸೀರೆಗಂಟು ಎದೆ ಮೇಲೆ. ಚಪ್ಪಲಿ ಸೀಟಿನ ಕೆಳಗೆ, ಜೋಡಿಯಾಗಿ. ಬಾಯಿ ಸ್ವಲ್ಪ ತೆರೆದಿತ್ತು. ವೀರೇಶ ಕೈ ಮುಟ್ಟಿದ… ಬಾವಿಯ ಕಲ್ಲಿನ ಹಾಗೆ ತಣ್ಣಗೆ. ಮೂಗಿನ ಹತ್ತಿರ ಬೆರಳಿಟ್ಟ. ಉಸಿರು ಬಂದದ್ದು ಗೊತ್ತಾಗಲಿಲ್ಲ. ಅಲುಗಾಡಿಸಿದ. ಕೆನ್ನೆ ತಟ್ಟಿದ. "ಅಪ್ಪ… ಅಪ್ಪ…" ಇಲ್ಲ.

ಅವನ ಸ್ಥಿತಿ ಯೋಚನೆ ಮಾಡಿ. ನಡುರಾತ್ರಿ, ನಡುರಸ್ತೆ. ಎಂಜಿನ್ ಬಿಚ್ಚಿ ಬಿದ್ದಿದೆ. ಫೋನ್ ಇಲ್ಲ. ಅಪ್ಪ ಹೀಗೆ. ಬಂದ ಒಂದು ಲಾರಿಗೆ ಕೈ ಅಡ್ಡ ಹಾಕಿದ, ಅದು ಹಾರ್ನ್ ಹೊಡೆದು ಹೋಯಿತು. ಇನ್ನೇನು ಮಾಡಬೇಕು ತಿಳಿಯದೆ ಮತ್ತೆ ಅಡಿಗೆ ತೂರಿದ. ಗಾಡಿ ಎದ್ದರೆ ಆಸ್ಪತ್ರೆ, ಗಾಡಿ ಏಳದಿದ್ದರೆ ಇಲ್ಲಿ ಅಪ್ಪ, ಅಲ್ಲಿ ಅತ್ತೆ, ಎರಡು ಹೆಣ. ಅಷ್ಟೇ ತಲೆಯಲ್ಲಿದ್ದದ್ದಂತೆ.

ಬಲ್ಬಿನ ಬೆಳಕಲ್ಲಿ ನೋಡಿದರೆ ಅದು ಕೂದಲಲ್ಲ. ರೇಷ್ಮೆ ನೂಲು.

ಇಲ್ಲಿ ನಾನೊಂದು ಮಾತು ಒಪ್ಪಿಕೊಳ್ಳಬೇಕು. ಗ್ಯಾರೇಜಿನೋರು ಕೈ ಒರೆಸೋಕೆ, ಎಂಜಿನ್ ಒರೆಸೋಕೆ ಬನಿಯನ್ ವೇಸ್ಟ್, ಅಂದ್ರೆ ಬನಿಯನ್ ಬಟ್ಟೆ ಚೂರು ಬಳಸ್ತಾರೆ. ಆ ವಾರ ನನ್ನ ಅಂಗಡೀಲಿ ಅದು ಖಾಲಿ. ಮೊಳಕಾಲ್ಮೂರಿನ ಮಗ್ಗದ ಮನೆಗಳಿಂದ ತುಂಡು ನೂಲಿನ ಗಂಟುಗಳು ಅಗ್ಗಕ್ಕೆ ಬಂದಿದ್ದವು. ಮೆತ್ತಗಿದೆ, ಎಣ್ಣೆ ಚೆನ್ನಾಗಿ ಎಳೆಯುತ್ತೆ, ತಗೊಂಡು ಹೋಗು ಅಂತ ಒಂದು ಗಂಟು ವೀರೇಶನಿಗೆ ಕೊಟ್ಟವನು ನಾನೇ. ಅದರಿಂದ ಅವನು ಚೇಂಬರ್ ಒರೆಸಿದ. ಎಳೆಗಳು ಒಳಗೇ ಉಳಿದವು. ಎಂಜಿನ್ ಓಡಿದಾಗ ಪಂಪು ಅವನ್ನ ಎಳೆದು ಜಾಲರಿಗೆ ಮೆತ್ತಿಸುತ್ತಿತ್ತು, ಆಯಿಲ್ ಹೋಗೋ ದಾರಿ ಮುಚ್ಚುತ್ತಿತ್ತು. ನಿಲ್ಲಿಸಿದರೆ ಬಿಟ್ಟುಕೊಂಡು ತಳಕ್ಕೆ ಬೀಳುತ್ತಿತ್ತು. ಅದಕ್ಕೇ ಅರ್ಧ ಗಂಟೆ ಬಿಟ್ಟರೆ ಮುಳ್ಳು ಮತ್ತೆ ಅರವತ್ತು. ಇಷ್ಟೇ ರೋಗ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಮೂರು ವಾರ ಹುಡುಕಿದ್ವಿ. ಕೊಟ್ಟವನು ನಾನು, ಒರೆಸಿದವನು ಅವನು, ಕಳಕೊಂಡವನು ದೊಡ್ಡಪ್ಪ.

ವೀರೇಶ ಅಳ್ತಾನೇ ನೂಲು ಕಿತ್ತ. ಎಳೆ ಎಳೆ ಕಿತ್ತ. ಪೆಟ್ರೋಲಿನಲ್ಲಿ ಜಾಲರಿ ತೊಳೆದ. ಅಂಚಿನಿಂದ ಆಯಿಲ್ ಸೋರದ ಹಾಗೆ ಹರಿದ ಪ್ಯಾಕಿಂಗಿಗೆ ಪೇಸ್ಟ್ ಬಳಿದು ಚೇಂಬರ್ ಕೂರಿಸಿ, ಬೋಲ್ಟ್ ಬಿಗಿ ಮಾಡಿದ. ತನ್ನ ಅಂಗಿ ಬಿಚ್ಚಿ ಅದರಲ್ಲೇ ಆಯಿಲ್ ಸೋಸಿ ವಾಪಸ್ ಸುರಿದ. ಆ ಚಳಿಯಲ್ಲಿ ಬರೀ ಬನಿಯನ್ನು.

ಕೊನೇ ಹನಿ ಸುರೀತಿರುವಾಗ ಮತ್ತೆ ಕೇಳಿಸಿತು. ಸರಕ್… ಸರಕ್… ದೂರದಿಂದ. ಮೊಳಕಾಲ್ಮೂರಿನ ಕಡೆಯಿಂದ. ಹತ್ತಿರ ಬಂತು. ಅವನು ತಲೆ ಎತ್ತಲಿಲ್ಲ. ಧೈರ್ಯ ಸಾಲಲಿಲ್ಲ ಅಂದ ನನ್ನ ಹತ್ತಿರ, ಮುಚ್ಚುಮರೆ ಇಲ್ಲದೆ. ಹೆಜ್ಜೆ ಅವನ ಬೆನ್ನ ಹಿಂದೆ ಹಾದು ಹೋಯ್ತು.

ಕಟಕ್.

"ಹಾ…" ಅಂತ ಉಸಿರು ಎಳೆದುಕೊಂಡ ಸದ್ದು. ದೊಡ್ಡಪ್ಪ ಎದ್ದು ಕೂತಿದ್ದ.

"ಎಷ್ಟೊತ್ತಾಯ್ತೋ?"

"ಮೂರು ಆಗಿರಬೇಕಪ್ಪ… ನೀನು ಎಲ್ಲಿಗೋಗಿದ್ದೆ?"

"ಎಲ್ಲಿಗೋಗ್ಲಿ? ಮಲಗಿದ್ದೆ." ಬಾಟಲ್ ನೀರು ಪೂರ್ತಿ ಕುಡಿದ. ಆಮೇಲೆ ಮೊಣಕಾಲು ಒತ್ತಿಕೊಂಡ. "ಕಾಲು ಸೇದ್ತಾವೆ ಕಣೋ."

ವೀರೇಶ ಸ್ಟಾರ್ಟ್ ಮಾಡಿದ. ಅರವತ್ತು. ಒಂದು ಮೈಲಿ… ಅರವತ್ತು. ಐದು ಮೈಲಿ… ಐವತ್ತೈದು, ಅಲ್ಲೇ ನಿಂತಿತು. ಮೊಳಕಾಲ್ಮೂರಿನ ಪಕ್ಕದ ಹಾನಗಲ್ ಬಂತು, ಹೋಯ್ತು. ಮುಳ್ಳು ಅಲುಗಲಿಲ್ಲ. ಹಿಂದಿನ ಸೀಟಿನಲ್ಲಿ ದೊಡ್ಡಪ್ಪ ಬಾಯಿಪಾಠ ಮಾಡ್ತಿದ್ದ, "ತಪ್ಪಾಯ್ತು ತಂಗಿ… ನಂದೇ ತಪ್ಪು… ತಪ್ಪಾಯ್ತು ಕರಿಯಾ…" ಒಂದೊಂದು ಸಲ ಒಂದೊಂದು ಥರ ಹೇಳಿ ನೋಡ್ತಿದ್ದ.

ಬೀದಿಗೆ ತಿರುಗಿದಾಗ ನಾಲ್ಕು ದಾಟಿತ್ತು. ಮನೆ ಮುಂದೆ ಬೆಂಕಿ ಹಾಕಿಕೊಂಡು ಜನ ಕೂತಿದ್ದರು. ಬೆಂಕಿ ನೋಡಿಯೇ ತಿಳಿಯಿತು. ಗಾಡಿ ಬಾಗಿಲಿಗೆ ಹೋಗಿ ನಿಂತಿತು.

ಅತ್ತೆ ಮಗ ಲೋಹಿತ ಎದ್ದು ಬಂದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. "ಬಂತಾ ಮಾವ ಗಾಡಿ? ಸೀರೆ ಕೊಡ್ರಿ. ಅದಕ್ಕೇ ಕಾಯ್ತಿದ್ವಿ."

"ಯಾವಾಗ ಹೋದ್ಲೋ?"

"ನೀವು ಹೋಗಿ ಸ್ವಲ್ಪ ಹೊತ್ತಿಗೆ. ಎರಡೂವರೆ ಆಗಿತ್ತೇನೋ. ನೀವೇ ಅಂದ್ರಲ್ಲ, ನಿದ್ದೆ ಮಾಡ್ತಾಳೆ, ಎಬ್ಬಿಸಬೇಡಿ ಅಂತ. ಎಬ್ಬಿಸಲಿಲ್ಲ. ಆಮೇಲೆ ಸ್ವಪ್ನ ಹೋಗಿ ನೋಡಿದ್ರೆ…"

ದೊಡ್ಡಪ್ಪ ಇಳಿಯೋಕೆ ಒಂದು ಕಾಲು ಕೆಳಗಿಟ್ಟಿದ್ದ. ಹಾಗೇ ಕೂತುಬಿಟ್ಟ.

ಲೋಹಿತ ಹೇಳಿದ್ದು ಇಷ್ಟು. ಒಂದೂವರೆ ಸುಮಾರಿಗೆ ಮಾವ ನಡಕೊಂಡು ಬಂದ. ಗಾಡಿ ಎಲ್ಲಿ ಅಂದರೆ "ಹಿಂದೆ ಬರ್ತೈತೆ, ಸೀರೆ ಅದರಾಗೈತೆ" ಅಂದ. ಅತ್ತೆಗೆ ಪ್ರಜ್ಞೆ ಇತ್ತು. ಅಣ್ಣನನ್ನ ನೋಡಿ ಕೈ ಚಾಚಿದಳು. ಮಾವ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿಕೊಂಡು ಕೂತ. ಮುಕ್ಕಾಲು ಗಂಟೆ ಇಬ್ಬರ ದನಿಯೂ ಕೇಳ್ತಾನೇ ಇತ್ತು.

ದೊಡ್ಡಪ್ಪ ಒಳಗೆ ಹೋದ. ತಂಗಿಯ ಪಕ್ಕ ಕೂತ. ಸೀರೆ ಬಿಚ್ಚಿ ಹೊದಿಸಿದ. ಆಮೇಲೆ ಅವಳ ಮಗಳು ಸ್ವಪ್ನಳ ಕೈ ಹಿಡಿದುಕೊಂಡು ಕೇಳಿದ. ವೀರೇಶ ಪಕ್ಕದಲ್ಲೇ ಇದ್ದ.

"ನಾನೇನಂದೆ ಅವಳಿಗೆ?"

ಸ್ವಪ್ನ ಅರ್ಥವಾಗದೆ ನೋಡಿದಳು.

"ತಪ್ಪಾಯ್ತು ಅಂದ್ನೇನವ್ವ ನಾನು?"

"ನಮಗೆ ಮಾತು ತಿಳೀಲಿಲ್ಲ ಮಾವ. ಬಾಗಲು ಹಾಕಿತ್ತಲ್ಲ. ಅವ್ವ ಒಂದ್ಸಲ ನಕ್ಕಿದ್ದು ಮಾತ್ರ ಕೇಳಿಸ್ತು."

ನಾನು ಬೆಳಗಿನ ಬಸ್ಸಿಗೆ ಹೋದೆ. ದೊಡ್ಡಪ್ಪ ಬಂದವರನ್ನೆಲ್ಲ ಅದನ್ನೇ ಕೇಳ್ತಿದ್ದ. ನೀವು ಹೊರಗೆ ಕೂತಿದ್ರಾ? ಏನಾದ್ರೂ ಕೇಳಿಸ್ತಾ? ನಾನೇನಂದೆ? ಜನ ದುಃಖಕ್ಕೆ ತಲೆ ಕೆಟ್ಟಿದೆ ಅಂದುಕೊಂಡರು. ಮಣ್ಣು ಕೊಟ್ಟು ಬಂದ ಮೇಲೂ ಕೇಳಿದ. ಈಗಲೂ ಕೇಳ್ತಾನೆ, ನನ್ನನ್ನೂ ಕೇಳ್ತಾನೆ. ನೂಲಿನ ಗಂಟು ಕೊಟ್ಟ ನಾನು ಏನಂತ ಹೇಳಲಿ? ಹದಿನೆಂಟು ವರ್ಷ ಹೊತ್ತ ಮಾತನ್ನ ಅವನೇ ಹೋಗಿ ಇಳಿಸಿ ಬಂದನೋ, ಅವನ ರೂಪದಲ್ಲಿ ಇನ್ಯಾರೋ ಬಂದು ಆಡಿ ಹೋದರೋ… ಅವನ ಎದೆಯಂತೂ ಹಗುರಾಗಲಿಲ್ಲ.

ಆಯ್ತು, ಚಳಿಗೆ ನಿದ್ದೆಗಣ್ಣಲ್ಲಿ ಆ ಮನೆಯವರು ಬೇರೆ ಯಾರನ್ನೋ ನೋಡಿ ಮಾವ ಅಂದುಕೊಂಡರು ಅಂತಲೇ ನಾನೂ ವಾದ ಮಾಡಿದೆ. ವಾದ ಮಾಡ್ತಾನೇ ಅಡುಗೆಮನೆಗೆ ನೀರು ಕುಡಿಯೋಕೆ ಹೋದೆ. ಸ್ವಪ್ನ ಅಲ್ಲಿದ್ದಳು.

"ಭಾವ," ಅಂದಳು ಮೆಲ್ಲಗೆ, "ಮಾವಂಗೆ ಶುಗರ್ ಬಂದು ಎಷ್ಟು ದಿನ ಆತು?"

"ನಿಂಗ್ಯಾರು ಹೇಳಿದ್ರು?"

"ಅವರೇ. ರಾತ್ರಿ ನಡಕೊಂಡು ಬಂದಾಗ ಕಾಫಿ ಕೊಟ್ಟೆ. ಒಂದು ಗುಟುಕು ಕುಡುದು, ಸಕ್ಕರೆ ಹಾಕ್ಬೇಡ ಕಣವ್ವ, ಶುಗರ್ ಐತೆ ಅಂದ್ರು. ಬ್ಯಾರೆ ಮಾಡ್ಕೊಟ್ಟೆ."

ದೊಡ್ಡಪ್ಪನಿಗೆ ಶುಗರ್ ಬಂದು ಮೂರು ವರ್ಷ. ಆ ಮನೆಗೂ ಈ ಮನೆಗೂ ಮಾತು ಬಿಟ್ಟು ಹದಿನೆಂಟು, ಲೋಹಿತನ ಆ ಒಂದು ಫೋನ್ ಬಿಟ್ಟರೆ. ಒಲೆ ಪಕ್ಕದಲ್ಲಿ ಎರಡು ಲೋಟ ಇದ್ದವು. ಒಂದರಲ್ಲಿ ಕಾಫಿ ಮುಕ್ಕಾಲು ಉಳಿದು ಕೆನೆ ಕಟ್ಟಿತ್ತು. ಇನ್ನೊಂದು ಪೂರ್ತಿ ಖಾಲಿ. ಇದು ನಡೆದದ್ದು, ನಾನು ಕಣ್ಣಾರೆ ಕಂಡದ್ದು. ಆ ಎರಡೂ ಲೋಟ ತೊಳೆದಿಟ್ಟವನು ನಾನೇ.